ಕೋಸಬಾಡದ ಅನುತಾಯಿ

ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಡಹಾಣೂ ಎಂದೊಡನೆ ಚಿಕ್ಕೂ ಹಣ್ಣಿನ ನೆನಪಾಗುತ್ತದೆ. ಪಶ್ಚಿಮ ರೈಲ್ವೆಯ ಹಾದಿಯಲ್ಲಿ ಅದರ ಮುಂದಿನ ನಿಲ್ದಾಣ ಘೋಲವಡ. ಅಲ್ಲಿಗೆ ಸಮೀಪದಲ್ಲಿ, ಕಡಲ ದಂಡೆಗೆ, ಬೋರ್ಡಿ ಎಂಬ ಊರಿದೆ. ಇಂದು ಹಳ್ಳಿಹಳ್ಳಿಯಲ್ಲಿಯೂ ಕಾಣುವ ಅಂಗನವಾಡಿಯ ಮೂಲವನ್ನು ಹುಡುಕುತ್ತ ಹೊರಟವರು ಈ ಊರಿಗೇ ಬಂದು ಮುಟ್ಟುತ್ತಾರೆ. 1945ರಲ್ಲಿ ಅಲ್ಲಿ ಮಕ್ಕಳ ಕೇಂದ್ರವನ್ನು ತೆರೆದ ತಾರಾಬಾಯಿ ಮೋಡಕರ ಹೆಸರನ್ನು ಅನೇಕರು ಕೇಳಿರಬಹುದು. ಅವರಿಗೆ ಸಹಾಯಕಿಯಾಗಿ ಬಂದು, ಬಾಳಿನ ಕೊನೆಯವರೆಗೂ ಆ ಕೆಲಸದಲ್ಲಿಯೇ ಉಳಿದ ಅನುತಾಯಿ ವಾಘರ ವಿಷಯವಾಗಿ ನಮ್ಮ ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮ ಆಸೆ.

1910ರಲ್ಲಿ ಹುಟ್ಟಿದ ಅವರಿಗೆ ಹದಿಮೂರನೆಯ ವಯಸ್ಸಿನಲ್ಲಿ ಮದುವೆಯಾಯಿತು. ಆರು ತಿಂಗಳಲ್ಲಿ ವೈಧವ್ಯ ಬಂತು. ಆ ಕಾಲದಲ್ಲಿ ಅಂಥ ಹುಡುಗಿಯ ಪಾಲಿಗೆ ಏನು ಕಾದಿರುತ್ತಿತ್ತೆಂಬುದನ್ನು, ತಮ್ಮ ಮನೆಯ ಹಿರಿಯರಿಂದ ಕೇಳಿ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅನುತಾಯಿ ಓದಿ ಶಿಕ್ಷಕಿಯಾದರು. ಮೊದಲು ನಾಸಿಕ ಜಿಲ್ಲೆಯ ಚಾಂದವಡದಲ್ಲಿ, ಬಳಿಕ ಪುಣೆಯ ಹುಜೂರಪಾಗೆ ಶಾಲೆಯಲ್ಲಿ ಕಲಿಸಿದರು. ಹಗಲು ಪಾಠ ಹೇಳಿ, ರಾತ್ರಿಶಾಲೆಯಲ್ಲಿ ತಾವೇ ವಿದ್ಯಾರ್ಥಿನಿಯಾಗಿ ಕೂತು, 1937ರಲ್ಲಿ ಮೆಟ್ರಿಕ್ ಮುಗಿಸಿದರು. ಅಂಥವರು ಪುಣೆಯ ಶಾಲೆಯ ಬದುಕನ್ನು ಹಿಂದಿಕ್ಕಿ ಬೋರ್ಡಿಯ ದಾರಿ ಹಿಡಿದರು. ಇನ್ನೊಬ್ಬರ ಕೈಕೆಳಗೆ, ಅದೂ ಹಳ್ಳಿಯಲ್ಲಿ! ಮೂವತ್ತೈದರ ವಯಸ್ಸಿನಲ್ಲಿ ಎಷ್ಟು ಜನಕ್ಕೆ ಈ ಧೈರ್ಯ ಬಂದೀತು?

ಶಾಲೆ ತೆರೆದರೇನು, ಮಕ್ಕಳು ಬರಬೇಕಷ್ಟೆ! ಬಡವರ ಕೇರಿಯಲ್ಲಿ ತಂದೆತಾಯಿ ಬೆಳಗಾಗುತ್ತಲೇ ಕೂಲಿಗೆ ಹೊರಡುತ್ತಿದ್ದರು. ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಬಳಿಗೆ ಹೋಗತಕ್ಕದ್ದೆಂದು ಈ ಇಬ್ಬರೂ ತೀರ್ಮಾನಿಸಿದರು. ಮನೆಯ ಮುಂದಿನ ಅಂಗಳವೇ ತರಗತಿಯಾಯಿತು. ಅಕ್ಷರಕ್ಕಿಂತ ಮೊದಲು ನೀರು, ಬಾಚಣಿಗೆ. ಮಕ್ಕಳ ಮೂಗು ಒರೆಸುವುದು, ಉಗುರು ಕತ್ತರಿಸುವುದು, ಮೀಯಿಸಿ ತಲೆ ಬಾಚುವುದು — ಪಾಠವೆಂದರೆ ಮೊದಮೊದಲು ಇದೇ. ಮಾಂಟೆಸರಿ ಪದ್ಧತಿಯ ಬೆಲೆಬಾಳುವ ಸಾಮಾನು ಹಳ್ಳಿಗೆ ಎಲ್ಲಿಂದ ಬಂದೀತು? ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂವುಗಳನ್ನೇ ಆಯ್ದು ಲೆಕ್ಕವನ್ನೂ ಬಣ್ಣವನ್ನೂ ಕಲಿಸಿದರು.

ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನಮ್ಮವರ ಕಿವಿಗೆ ಮಾತ್ರ ಅದು ಬೇರೆಯಾಗಿಯೇ ಕೇಳಿಸುತ್ತದೆ. ಇವರ ಮಟ್ಟಿಗೆ ನಮ್ಮ ಅರ್ಥವೂ ಸಲ್ಲುತ್ತದೆ.

ಹನ್ನೊಂದು-ಹನ್ನೆರಡು ವರ್ಷಗಳ ಮೇಲೆ ಕೇಂದ್ರವು ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ, ಹೋಯಿತು. ಅಲ್ಲಿ ಹುಡುಗರಿಗೆ ದನ ಕಾಯುವ ಕೆಲಸ; ಹುಡುಗಿಯರ ಸೊಂಟದ ಮೇಲೆ ತಮ್ಮನೋ ತಂಗಿಯೋ. ಆದ್ದರಿಂದ ಕೂಸುಗಳಿಗೆ ತೊಟ್ಟಿಲಮನೆ, ಚಿಕ್ಕವರಿಗೆ ಬಾಲವಾಡಿ, ದೊಡ್ಡವರಿಗೆ ಶಾಲೆ, ಮೂರನ್ನೂ ಒಂದೆಡೆ ಕೂಡಿಸಿದರು. ಆಗ ಅಕ್ಕನೂ ಅಕ್ಷರ ಕಲಿತಳು. ದನಗಾಹಿಗಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ಈ ಗಡಿಬಿಡಿಯಲ್ಲಿಯೇ ಅನುತಾಯಿ 1961ರಲ್ಲಿ ಬಿ.ಎ. ಕೂಡ ಆದರು. 1973ರಲ್ಲಿ ತಾರಾಬಾಯಿ ತೀರಿಕೊಂಡರು. ಆ ಬಳಿಕವೂ ಭಾರವನ್ನು ಹೊತ್ತು ನಡೆದ ಅನುತಾಯಿಗೆ 1985ರಲ್ಲಿ ಪದ್ಮಶ್ರೀ ಬಂತು. 1992ರ ಸೆಪ್ಟೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಮರಾಠಿ ಬಲ್ಲ ವಾಚಕರು ಅವರ ಆತ್ಮಕಥನ 'ಕೋಸಬಾಡಚ್ಯಾ ಟೇಕಡೀವರೂನ'ವನ್ನು ಅವಶ್ಯವಾಗಿ ಓದಬೇಕು.

ಸರಕಾರದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ನಾಡಿನಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಊರಿಗೆ ಹೋದಾಗ ನಾವು ಅಂಗನವಾಡಿಯ ಟೀಚರನ್ನು ಮಾತನಾಡಿಸುತ್ತೇವೆ. ಗುಡಿಸಿ, ಅಡಿಗೆ ಮಾಡಿ, ಮಕ್ಕಳ ಕೈಬಾಯಿ ತೊಳೆಸುವ ಸಹಾಯಕಿ ಒಳಗೆ ಒಲೆಯ ಮುಂದೆ ಇರುತ್ತಾಳೆ. ಅವಳ ಹೆಸರನ್ನು ಕೇಳಿ ತಿಳಿದವರು ನಮ್ಮಲ್ಲಿ ಕಡಿಮೆ. ಅವಳಿಗೆ ಸಂದಾಯವಾಗುವುದನ್ನು ಸಂಬಳವೆನ್ನುವುದಿಲ್ಲ, ಗೌರವಧನವೆನ್ನುತ್ತಾರೆ. ಅವಳಿಗೂ ಗ್ರಾಚ್ಯುಟಿ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2022ರಲ್ಲಿ, ಅನುತಾಯಿ ತೀರಿಕೊಂಡ ಮೂವತ್ತನೆಯ ವರ್ಷದಲ್ಲಿ.