ಗೊರಕೆಯ ಲೆಕ್ಕ

2023ರ ಮೇ 9ರ ರಾತ್ರಿ. ಮಾರನೆಯ ದಿನ ವಿಧಾನಸಭೆ ಚುನಾವಣೆ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆ ನಮ್ಮ ಮತಗಟ್ಟೆ. ಮತಯಂತ್ರದ ಪೆಟ್ಟಿಗೆಗಳನ್ನು ಗೋಡೆ ಬದಿಗಿಟ್ಟು, ಬಿಸಿಯೂಟದ ಅಡುಗೆಯವರು ಬಡಿಸಿದ ಅನ್ನ ಸಾರು ಉಂಡು, ಎರಡು ಬೆಂಚು ಜೋಡಿಸಿಕೊಂಡು ಮಲಗಿದೆ. ನಾನು ಪಿಆರ್‌ಓ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಬೆಳಗ್ಗೆ ನಾಲ್ಕೂವರೆಗೆ ಕಣ್ಣು ಬಿಟ್ಟರೆ ಕೋಣೆಯಲ್ಲಿ ನಾನೊಬ್ಬನೇ. ಸೊಳ್ಳೆ ಕಚ್ಚಿದರೂ ಸರಿ ಎಂದು ಉಳಿದವರೆಲ್ಲ ಜಗುಲಿಗೆ ಹೋಗಿ ಮಲಗಿದ್ದರು.

ಇದೇನೂ ನನಗೆ ಹೊಸದಲ್ಲ. ಮದುವೆ ಛತ್ರಗಳಲ್ಲಿ ನಾನು ಯಾವ ಕೋಣೆ ಹೊಕ್ಕೆ ಎಂದು ನೋಡಿಕೊಂಡೇ ನೆಂಟರು ಜಮಖಾನ ಹಾಸುತ್ತಿದ್ದರು. ಹೊಸದಾಗಿದ್ದದ್ದು ಜೊತೆಗಿದ್ದ ಎಳೆಯ ಮೇಷ್ಟರ ಮುಖ. "ಸಾರ್, ತಪ್ಪು ತಿಳ್ಕೋಬೇಡಿ" ಎಂದು ಮೊಬೈಲ್ ಕೈಗಿಟ್ಟರು.

ಐವತ್ತೆರಡು ವರ್ಷಕ್ಕೆ ನನ್ನ ಗೊರಕೆಯನ್ನು ನಾನು ಮೊದಲ ಸಲ ಕೇಳಿದೆ. ಮರದ ದಿಮ್ಮಿಗೆ ಗರಗಸ ಹಾಕಿದಂತೆ ಐದಾರು ಎಳೆತ. ಆಮೇಲೆ ಸದ್ದಿಲ್ಲ. ಜೀರುಂಡೆಯ ಸ್ವರ ಮಾತ್ರ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು: ಹತ್ತು, ಇಪ್ಪತ್ತು, ಮೂವತ್ತೊಂದು. ಆಗ, ಬಾವಿಗೆ ಬಿದ್ದವನು ತಲೆ ಮೇಲೆತ್ತಿದಾಗಿನಂಥ ಒಂದು ಏದುಸಿರು. ಮತ್ತೆ ಗರಗಸ. "ಎಬ್ಬಿಸೋಣ ಅಂತ ಎರಡು ಸಲ ಕೈ ಚಾಚಿದೆ ಸಾರ್. ಅಷ್ಟರಲ್ಲಿ ಉಸಿರು ಬಂತು."

ನಮ್ಮ ಮಾತೇ ನಮಗೆ ಮೋಸ ಮಾಡಿದೆ ಅನಿಸುತ್ತದೆ. ಯಾರಾದರೂ ಚಿಂತೆಯಿಲ್ಲದೆ ನಿದ್ದೆ ಮಾಡಿದರೆ "ಗೊರಕೆ ಹೊಡೀತಾ ಬಿದ್ದಿದ್ದಾನೆ" ಅನ್ನುತ್ತೇವೆ. ಕುಂಭಕರ್ಣನನ್ನು ನೆನೆದು ನಗುತ್ತೇವೆ. ಗೊರಕೆಯೆಂದರೆ ಗಡದ್ದು ನಿದ್ದೆ ಎಂದು ನಾನೂ ನಂಬಿದ್ದೆ. ಹಾಗಿದ್ದರೆ ಎಂಟು ಗಂಟೆ ಮಲಗಿ ಎದ್ದವನಿಗೆ ತಲೆ ಯಾಕೆ ಭಾರ? ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬೋರ್ಡಿಗೆ ಒರಗಿ ನಿಂತಲ್ಲೇ ಕಣ್ಣು ಯಾಕೆ ಮುಚ್ಚುತ್ತಿತ್ತು? ಲೆಕ್ಕದ ಮೇಷ್ಟ್ರಾಗಿಯೂ ಈ ಲೆಕ್ಕ ಮಾತ್ರ ತಾಳೆಯಾಗುತ್ತಿಲ್ಲ ಎಂದು ನನಗೆ ಹೊಳೆದಿರಲಿಲ್ಲ.

ಆ ರೆಕಾರ್ಡಿಂಗ್ ಹಿಡಿದುಕೊಂಡು ತುಮಕೂರಿನ ಇಎನ್‌ಟಿ ಡಾಕ್ಟರ ಬಳಿ ಹೋದೆ. ಅವರು ಮೊದಲು ನನ್ನ ಬಾಯಿ ನೋಡಲಿಲ್ಲ, ಟೇಪು ತಂದು ಕತ್ತು ಅಳೆದರು. 43 ಸೆಂಟಿಮೀಟರ್. ಕತ್ತಿನ ಸುತ್ತಳತೆ 40 ದಾಟಿದರೆ ಅನುಮಾನ ಹೆಚ್ಚು ಎಂದರು. ಬಿ.ಪಿ.ಗೆ ಎರಡು ಮಾತ್ರೆ ನುಂಗಿದರೂ ಇಳಿಯುತ್ತಿಲ್ಲವೇ? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ? ಮೂರು ಸಲ ಎಂದೆ. ಶುಗರ್ ಇರಬೇಕೆಂದು ಎರಡು ಬಾರಿ ರಕ್ತ ಪರೀಕ್ಷೆ ಮಾಡಿಸಿ, ಇಲ್ಲವೆಂದು ಸುಮ್ಮನಾಗಿದ್ದೆ. ರಾತ್ರಿ ಮೂತ್ರಕ್ಕೆ ಏಳುವುದಕ್ಕೂ ಗೊರಕೆಗೂ ಇರುವ ನಂಟನ್ನು ಅವರು ಹೇಳಿದಾಗ ಬೆರಗಾದೆ. ಮುಚ್ಚಿದ ಗಂಟಲಿನ ಎದುರು ಎದೆ ಗಾಳಿಯನ್ನು ಎಳೆಯುತ್ತಿರುವಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆಯೆಂದು ಹೃದಯ ತಪ್ಪು ತಿಳಿದು, ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ಹಾರ್ಮೋನಿನ ಮೂಲಕ ಹೇಳಿಕಳಿಸುತ್ತದೆ.

ಗಂಟಲು ಮುಚ್ಚುವುದು ಯಾಕೆ? ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆ ಇದೆ. ಅದರ ಮೇಲಿನ ಗಂಟಲಿಗೆ ಹಾಗಿಲ್ಲ. ಅದನ್ನು ತೆರೆದಿಟ್ಟಿರುವುದು ಸ್ನಾಯುಗಳು. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಅಂಗುಳಿನ ಹಿಂಭಾಗವೂ ಕಿರುನಾಲಿಗೆಯೂ ಗಾಳಿಗೆ ಪಟಪಟನೆ ಅದುರುತ್ತವೆ. ಅದೇ ಗೊರಕೆ. ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ. ಎಳನೀರಿಗೆ ಈಗ ಕಾಗದದ ಸ್ಟ್ರಾ ಕೊಡುತ್ತಾರಲ್ಲ, ನೆನೆದ ಮೇಲೆ ಜೋರಾಗಿ ಎಳೆದಷ್ಟೂ ಅದರ ಗೋಡೆಗಳು ಅಂಟಿಕೊಳ್ಳುತ್ತವೆ. ಹಾಗೇ ಇದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಅರೆಕ್ಷಣ ಎಚ್ಚರಿಸುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ಆ ಎಚ್ಚರ ಬೆಳಗ್ಗೆ ನೆನಪಿರುವುದಿಲ್ಲ. ಇದಕ್ಕೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎಂದು ಹೆಸರು.

ಪರೀಕ್ಷೆಯ ಯಂತ್ರವನ್ನು ಮನೆಗೇ ಕಳಿಸಿದರು. ಮೂಗಿಗೆ ಸಣ್ಣ ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೆ ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಆಕ್ಸಿಮೀಟರ್. ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತರೆ ಅಥವಾ ಬಹಳ ಕುಗ್ಗಿದರೆ ಒಂದು ಎಂದು ಎಣಿಸುತ್ತಾರೆ. ಗಂಟೆಗೆ 5ರೊಳಗಿದ್ದರೆ ಸಹಜ, 15ರವರೆಗೆ ಅಲ್ಪ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನಗೆ ಬಂದದ್ದು 44. ಆರೂವರೆ ಗಂಟೆ ನಿದ್ದೆಗೆ ಗುಣಿಸಿದೆ: 286 ಸಲ. ಸರಾಸರಿ 82 ಸೆಕೆಂಡಿಗೊಮ್ಮೆ ಯಾರೋ ನನ್ನ ಕತ್ತು ಹಿಸುಕಿ ಬಿಟ್ಟಂತೆ. ಆಮ್ಲಜನಕ ಒಮ್ಮೆ 73ಕ್ಕೆ ಇಳಿದಿತ್ತು. ಕೋವಿಡ್ ಸಮಯದಲ್ಲಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡುತ್ತಿದ್ದೆವು. ನಾನು ದಿನಾ ರಾತ್ರಿ ಅದಕ್ಕಿಂತ ಎಷ್ಟೋ ಕೆಳಗಿಳಿದು ಬೆಳಗ್ಗೆ ಎದ್ದು ಶಾಲೆಗೆ ಹೋಗುತ್ತಿದ್ದೆ.

ಹೀಗೆ ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಏರುತ್ತದೆ. ಹೃದಯದ ಲಯ ತಪ್ಪುವ, ಪಾರ್ಶ್ವವಾಯು ಬಡಿಯುವ ಅಪಾಯ ಹೆಚ್ಚುತ್ತದೆ. ವಾಹನ ಓಡಿಸುವವರಿಗಂತೂ ಅಪಾಯ ಕಣ್ಣೆದುರಿಗೇ ಇದೆ. ತಿಪಟೂರಿನಿಂದ ಅರಸೀಕೆರೆಗೆ ಬೈಕಿನಲ್ಲಿ ಹೋಗುವಾಗ ಒಮ್ಮೆ ನಾನು ರಸ್ತೆ ಬಿಟ್ಟು ಮಣ್ಣಿಗಿಳಿದಿದ್ದೆ. ನಾಯಿ ಅಡ್ಡ ಬಂತು ಎಂದು ಮನೆಯಲ್ಲಿ ಹೇಳಿದ್ದೆ. ನಾಯಿ ಇರಲಿಲ್ಲ.

ನಾನೊಬ್ಬನೇ ಅಲ್ಲ. ದೇಶದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಹಾಕಿದ ಅಂದಾಜಿನಲ್ಲಿ, ಈ ಕಾಯಿಲೆ ಇರುವ ಭಾರತೀಯರು 10 ಕೋಟಿಗೂ ಹೆಚ್ಚು. ದಪ್ಪ ಮೈಯವರಿಗೆ ಸಾಧ್ಯತೆ ಜಾಸ್ತಿ. ಆದರೆ ಗದ್ದ ಚಿಕ್ಕದಾಗಿ ಹಿಂದೆ ಸರಿದಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ. ಅವರು ಗೊರಕೆಯ ಮಾತೆತ್ತುವುದೇ ಕಡಿಮೆ. "ಸುಸ್ತು, ನಿದ್ದೆ ಬರಲ್ಲ" ಎನ್ನುತ್ತಾರೆ, ರಕ್ತ ಕಡಿಮೆಯಿರಬೇಕೆಂದು ಟಾನಿಕ್ ಕುಡಿಯುತ್ತಾರೆ. ಮಗು ದಿನವೂ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ತೋರಿಸಬೇಕು. ತರಗತಿಯಲ್ಲಿ ಗಮನ ಕೊಡುವುದಿಲ್ಲವೆಂದು ನಾನು ಬೈದ ಹುಡುಗರಲ್ಲಿ ಇಂಥವರು ಎಷ್ಟು ಜನ ಇದ್ದರೋ.

ಗೊರಕೆ ಹೊಡೆಯುವವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ನೆಗಡಿಯಾದಾಗ, ದಣಿದಾಗ ಬರುವ ಗೊರಕೆಗೆ ಹೆದರಬೇಕಿಲ್ಲ. ನಡುವೆ ಉಸಿರು ನಿಂತು ಏದುಸಿರು ಬಂದರೆ, ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲಲ್ಲಿ ತೂಕಡಿಕೆ ಇದ್ದರೆ ತಡಮಾಡಬಾರದು.

ಚಿಕಿತ್ಸೆಯ ಮುಖ್ಯ ಸಾಧನ ಸಿ-ಪ್ಯಾಪ್ ಎಂಬ ಯಂತ್ರ. ಮೂಗಿಗೆ ಮಾಸ್ಕ್ ಹಾಕಿಕೊಂಡರೆ ರಾತ್ರಿಯಿಡೀ ಒತ್ತಡದಲ್ಲಿ ಗಾಳಿ ಬಿಡುತ್ತದೆ. ಅದು ಆಮ್ಲಜನಕವಲ್ಲ, ಕೋಣೆಯದೇ ಗಾಳಿ. ತೋಟಕ್ಕೆ ನೀರು ಹಾಯಿಸುವ ಚಪ್ಪಟೆ ಪೈಪು ಮೋಟಾರ್ ಹಾಕಿದ ಕೂಡಲೇ ದುಂಡಗಾಗುತ್ತದಲ್ಲ, ಗಂಟಲೂ ಹಾಗೇ ತೆರೆದುಕೊಂಡಿರುತ್ತದೆ. ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್. ಅಲ್ಲಿಯವರೆಗೆ ತೀವ್ರ ರೋಗಿಗಳಿಗೆ ಖಚಿತ ಉಪಾಯವೆಂದರೆ ಕತ್ತಿನಲ್ಲಿ ತೂತು ಕೊರೆದು ಉಸಿರಿಗೆ ದಾರಿ ಮಾಡುವುದು. 1980ರಲ್ಲಿ ಅವರು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುವುಮುರುವು ಮಾಡಿ, ಹೀರುವ ಬದಲು ಊದುವಂತೆ ಜೋಡಿಸಿ, ರೋಗಿಯ ಮೂಗಿಗೆ ಗಾಳಿ ಕೊಟ್ಟರು. ಮರುವರ್ಷ ಐವರು ರೋಗಿಗಳ ವಿವರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ನನ್ನ ಯಂತ್ರಕ್ಕೆ 45,000 ರೂಪಾಯಿ ಬಿತ್ತು. ಮೊದಲ ವಾರ ಅದನ್ನು ಹಾಕಿಕೊಂಡು ಕನ್ನಡಿ ನೋಡಿದಾಗ ಆನೆಮರಿ ಕಂಡಿತು. ಮೂಗು ಒಣಗಿತು, ಮಾಸ್ಕಿನ ಪಟ್ಟಿ ಕೆನ್ನೆಯಲ್ಲಿ ಗೆರೆ ಮೂಡಿಸಿತು. ನೀರಿನ ಡಬ್ಬಿ ಜೋಡಿಸಿ ಗಾಳಿಗೆ ತೇವ ಕೊಟ್ಟು, ಸರಿಯಾದ ಅಳತೆಯ ಮಾಸ್ಕಿಗೆ ಬದಲಿಸಿದ ಮೇಲೆ ಒಗ್ಗಿತು. ಕರೆಂಟು ಹೋದರೆ ಉಸಿರು ಕಟ್ಟುತ್ತದೆಂಬ ಭಯ ಬೇಡ, ಮಾಸ್ಕಿನಲ್ಲಿ ತೂತುಗಳಿವೆ, ಎಚ್ಚರವಾಗುತ್ತದೆ, ಅಷ್ಟೇ. ನಮ್ಮೂರಿನ ಕರೆಂಟಿಗೆ ಇನ್ವರ್ಟರ್ ಇದ್ದರೆ ಒಳ್ಳೆಯದು. ಹತ್ತನೆಯ ದಿನವೋ ಏನೋ, ಒಂದು ಸಲವೂ ಎದ್ದುಹೋಗದೆ ಬೆಳಗಾಯಿತು. ತಲೆ ಹೂವಿನಷ್ಟು ಹಗುರ. ಹೆಂಡತಿ ಮಾತ್ರ ಕಣ್ಣು ಕೆಂಪಾಗಿಸಿಕೊಂಡು ಕೂತಿದ್ದಳು. "ಸದ್ದೇ ಇಲ್ವಲ್ಲ ರೀ, ನಾಲ್ಕು ಸಲ ಎದ್ದು ನಿಮ್ಮ ಎದೆ ಮೇಲೆ ಕೈಯಿಟ್ಟು ನೋಡಿದೆ" ಎಂದಳು. ಗೊರಕೆ ನಡುವೆ ನಿಂತಾಗಲೆಲ್ಲ ಅವಳು ಹಾಗೆ ನೋಡುತ್ತಿದ್ದಳಂತೆ, ಹನ್ನೊಂದು ವರ್ಷದಿಂದ. ನಿದ್ದೆ ಕೆಟ್ಟದ್ದು ನನ್ನೊಬ್ಬನದೇ ಆಗಿರಲಿಲ್ಲ.

ಎಲ್ಲರಿಗೂ ಯಂತ್ರವೇ ಬೇಕೆಂದಿಲ್ಲ. ತೂಕ ಶೇ 10ರಷ್ಟು ಇಳಿದರೆ ಉಸಿರು ನಿಲ್ಲುವ ಎಣಿಕೆ ಸುಮಾರು ಕಾಲುಭಾಗ ಇಳಿಯುತ್ತದೆಂದು ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಅಂಗಾತ ಮಲಗಿದಾಗ ಮಾತ್ರ ತೊಂದರೆಯಿರುವವರು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟುಕೊಂಡರೆ ಮಗ್ಗುಲಾಗಿಯೇ ಮಲಗುತ್ತಾರೆ. ರಾತ್ರಿಯ ಮದ್ಯವೂ ನಿದ್ದೆ ಮಾತ್ರೆಯೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಅಲ್ಪ, ಮಧ್ಯಮ ಪ್ರಮಾಣದವರಿಗೆ ದಂತವೈದ್ಯರು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಮಾಡಿಕೊಡುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜೈಪುರದ ವೈದ್ಯರು 30 ರೋಗಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಿಂದ ಆರು ತಿಂಗಳು ಶಂಖ ಊದಿಸಿದಾಗ ತೂಕಡಿಕೆ ಕಡಿಮೆಯಾದದ್ದು ಕಂಡಿದೆ. ಸಣ್ಣ ಪ್ರಯೋಗ, ನನ್ನಂಥ 44ರವನು ಯಂತ್ರ ಬಿಟ್ಟು ಶಂಖ ಹಿಡಿಯುವಂತಿಲ್ಲ. ಇನ್ನೊಂದು ಮಾತು: ಯಾವುದೇ ಆಪರೇಷನ್ನಿಗೆ ಹೋದರೂ ಈ ಕಾಯಿಲೆಯಿದೆಯೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು.

ಆ ವಿಧಾನಸಭೆ ಚುನಾವಣೆಯ ಮರುವರ್ಷ ಲೋಕಸಭೆ ಚುನಾವಣೆ. ಏಪ್ರಿಲ್ 25ರ ರಾತ್ರಿ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಶಾಲೆ. ಚೀಲದಿಂದ ನನ್ನ ಯಂತ್ರ ತೆಗೆದು ಪ್ಲಗ್ ಹುಡುಕುತ್ತಿದ್ದರೆ ಬಂದೋಬಸ್ತಿಗಿದ್ದ ಪೊಲೀಸಪ್ಪ ಬಗ್ಗಿ ನೋಡಿ, "ಮೇಷ್ಟ್ರೇ, ಇದು ಹೊಸ ವಿವಿಪ್ಯಾಟಾ?" ಎಂದ. ಎಲ್ಲರೂ ನಕ್ಕೆವು.

ನಡುರಾತ್ರಿ ನೀರು ಕುಡಿಯಲು ಎದ್ದೆ. ಬಾಗಿಲ ಬಳಿ ಕುರ್ಚಿಯಲ್ಲಿ ಅವನು ಒರಗಿದ್ದ. ಗರಗಸದ ಸದ್ದು. ಆಮೇಲೆ ಇಲ್ಲ. ಲೋಟ ಹಿಡಿದುಕೊಂಡೇ ಎಣಿಸಿದೆ. ಇಪ್ಪತ್ತಾರಕ್ಕೆ ಏದುಸಿರು ಬಂತು.

ಬೆಳಗ್ಗೆ ಟೀ ಕುಡಿಯುವಾಗ ಮೆಲ್ಲಗೆ ಕೇಳಿದೆ, "ನಿಮ್ಮ ಗೊರಕೆಗೆ ಮನೆಯವರು ಏನಂತಾರೆ?"

"ಏನೂ ಅನ್ನಲ್ಲ ಸಾರ್, ಅವಳು ಹಾಲ್‌ನಲ್ಲಿ ಮಲಗ್ತಾಳೆ."

ಅಣಕು ಮತದಾನಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವನ ಪಕ್ಕ ಬೆಂಚು ಎಳೆದುಕೊಂಡು ಕೂತು, ನನ್ನ 286ರ ಲೆಕ್ಕ ಹೇಳತೊಡಗಿದೆ.