ಮಗುವಿನ ಎತ್ತರದಿಂದ ನಿಮ್ಮ ಮನೆಯನ್ನು ನೋಡಿ

ಬೆಳಗಿನಿಂದ ರಾತ್ರಿಯ ತನಕ ನಿಮ್ಮ ಪುಟ್ಟ ಮಗುವಿಗೆ ಎಷ್ಟು ಬಾರಿ ‘ಬೇಡ’ ಎನ್ನುತ್ತೀರಿ? ಒಂದು ದಿನ ಎಣಿಸಿ ನೋಡಿ. ಅಲ್ಲಿ ಹೋಗಬೇಡ, ಅದನ್ನು ಮುಟ್ಟಬೇಡ, ಹತ್ತಬೇಡ, ಎಳೆಯಬೇಡ. ಸಂಜೆಯಾಗುವಾಗ ನಿಮ್ಮ ಗಂಟಲು ಬತ್ತಿರುತ್ತದೆ, ಮಗು ಹಟ ಹಿಡಿದಿರುತ್ತದೆ. ತಪ್ಪು ಮಗುವಿನದೇ? ಮುಟ್ಟಿ, ಎಳೆದು, ಬಾಯಿಗಿಟ್ಟು ಕಲಿಯುವ ವಯಸ್ಸು ಅದರದು. ನಮ್ಮ ಮನೆಗಳೋ ದೊಡ್ಡವರ ಅನುಕೂಲಕ್ಕೆಂದು ಕಟ್ಟಿದವು.

ನನಗೆ ಈ ಪಾಠ ಕಲಿಸಿದ್ದು ಒಂದು ಲೋಟ ಚಹಾ. ಮಗಳಿಗೆ ಆಗ ಒಂದೂವರೆ ವರ್ಷ. ಅತಿಥಿಗಳಿಗೆಂದು ಮೇಜಿಗೆ ಚೆಂದದ ಬಟ್ಟೆ ಹಾಸಿ ಚಹಾ ಇಟ್ಟಿದ್ದೆ. ತಿಂಡಿ ತರಲು ನಾನು ಒಳಗೆ ಹೋದ ಅರೆ ನಿಮಿಷದಲ್ಲಿ ಅವಳು ಆ ಬಟ್ಟೆಯ ತುದಿ ಹಿಡಿದು ಎದ್ದು ನಿಲ್ಲಲು ನೋಡಿದಳು. ಎಡಗೈ ಸುಟ್ಟಿತು. ಗಾಬರಿಯಲ್ಲಿ ಯಾರೋ ಟೂತ್‌ಪೇಸ್ಟ್ ಹಚ್ಚಿದರು, ನಾನೂ ತಡೆಯಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಅವಳು ಅತ್ತದ್ದು ಇಂದಿಗೂ ಕಿವಿಯಲ್ಲಿದೆ. ಅಲ್‌ಹಮ್ದುಲಿಲ್ಲಾಹ್, ಗಾಯ ಮಾಯಿತು. ಅಂದು ರಾತ್ರಿ ನಾನು ನೆಲದ ಮೇಲೆ ಕುಳಿತು, ಅವಳ ಎತ್ತರದಿಂದ ಮನೆಯನ್ನೆಲ್ಲಾ ನೋಡಿದೆ. ಅಲ್ಲಿಯ ತನಕ ಕಾಣದ್ದೆಲ್ಲಾ ಕಂಡಿತು.

ನೀವೂ ಹಾಗೆ ಕುಳಿತು ನೋಡಿ.

ನೆಲದಿಂದ ಕಾಣುವ ಅಪಾಯಗಳು

ಮೊದಲು ಬಚ್ಚಲುಮನೆ. ತುಂಬಿಸಿಟ್ಟ ಬಕೆಟ್ ನಮಗೆ ಏನೂ ಅಲ್ಲ. ಆದರೆ ಪುಟ್ಟ ಮಗುವಿಗೆ ದೇಹದ ಅಳತೆಗೆ ತಲೆಯೇ ಭಾರ. ಬಗ್ಗಿ ನೋಡುವಾಗ ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ಎರಡು ಅಂಗುಲ ನೀರೂ ಜೀವ ತೆಗೆಯಬಲ್ಲದು, ಅದೂ ಸದ್ದಿಲ್ಲದೆ. ಬಳಸಿದ ಬಕೆಟನ್ನು ಕವುಚಿಡಿ, ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ. ಅಂಗಳದಲ್ಲಿ ಬಾವಿಯಿದ್ದರೆ ಕಟ್ಟೆಯೊಂದೇ ಸಾಲದು, ಮೇಲೆ ಕಬ್ಬಿಣದ ಬಲೆಯೂ ಬೇಕು. ಕಟ್ಟೆಯ ಬಳಿ ಹತ್ತಲು ನೆರವಾಗುವ ಕಲ್ಲು, ಕೊಡ ಇಡಬೇಡಿ.

ಅಡುಗೆಮನೆಯಲ್ಲಿ ಬಾಣಲೆಯ ಹಿಡಿ ಗೋಡೆಯ ಕಡೆಗಿರಲಿ. ಮೇಜುಬಟ್ಟೆ ಕೆಳಗೆ ಇಳಿಬಿಡಬೇಡಿ. ಮಗುವನ್ನು ಮಡಿಲಲ್ಲಿಟ್ಟು ಬಿಸಿ ಚಹಾ ಕುಡಿಯಬೇಡಿ. ಸುಟ್ಟರೆ ತಕ್ಷಣ ನಲ್ಲಿಯ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ.

ಸೀಮೆಎಣ್ಣೆ, ಫಿನಾಯಿಲು, ಆಸಿಡನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಸಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಬಾಯಾರಿದ ಮಗು ಬಾಟಲಿಯನ್ನು ಗುರುತಿಸುತ್ತದೆಯೇ ಹೊರತು ಒಳಗಿರುವುದನ್ನಲ್ಲ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಿ. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108 ಸಂಖ್ಯೆ ಮನೆಮಂದಿಗೆಲ್ಲಾ ಬಾಯಿಪಾಠವಿರಲಿ.

ಹಾಲ್‌ನಲ್ಲಿ ಹೆಚ್ಚು ಜಾಗ್ರತೆ ಬೇಕಾದದ್ದು ತೀರಾ ಸಣ್ಣದೊಂದು ವಸ್ತುವಿನ ಬಗ್ಗೆ. ರಿಮೋಟ್, ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ನೆಲಗಡಲೆ, ಗೋಡಂಬಿ ಕೊಡಬೇಡಿ. ಉಸಿರಿಗೆ ಅಡ್ಡ ಬಂದೀತು. ಟಿವಿ, ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಮಹಡಿಯ ಕಂಬಿಗಳ ನಡುವಿನ ಸಂದು ನಾಲ್ಕು ಅಂಗುಲ ಮೀರದಿರಲಿ.

ಮಲಗುವ ಮುನ್ನ ದೀಪ ಆರಿಸಿ, ಪಾತ್ರೆ ಮುಚ್ಚಿ, ಬಾಗಿಲು ಹಾಕಿಕೊಳ್ಳುವಂತೆ ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಇಲಿಯೊಂದು ಬತ್ತಿಯನ್ನು ಎಳೆದು ಮನೆಗೇ ಬೆಂಕಿ ತಗಲಿಸೀತು ಎಂಬ ಎಚ್ಚರವೂ ಆ ಹದೀಸ್‌ನಲ್ಲಿದೆ. ಇಂದು ನಮ್ಮ ಮನೆಯ ಆ ದೀಪ ಯಾವುದು? ಗ್ಯಾಸ್ ರೆಗ್ಯುಲೇಟರ್, ಹಾಸಿಗೆಯ ಪಕ್ಕದ ಸೊಳ್ಳೆಬತ್ತಿ.

ಇನ್ನು ಆಟಕ್ಕೆ ಜಾಗ ಕೊಡಿ

ಇಷ್ಟೆಲ್ಲಾ ಮಾಡಿ ಮಗುವಿನ ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಏನು ಪ್ರಯೋಜನ? ಅಪಾಯ ತೆಗೆದದ್ದೇ ಮಗು ಧೈರ್ಯವಾಗಿ ಓಡಾಡಲೆಂದು. ಇದಕ್ಕೆ ಹಣ ಬೇಡ. ಅಡುಗೆಮನೆಯ ಕೆಳಗಿನ ಒಂದು ಖಾನೆಯನ್ನು ಮಗುವಿಗೇ ಬಿಟ್ಟುಕೊಡಿ. ಸ್ಟೀಲ್ ಲೋಟ, ಮರದ ಸೌಟು, ಪ್ಲಾಸ್ಟಿಕ್ ಡಬ್ಬ ಅದರಲ್ಲಿರಲಿ. ನೀವು ರೊಟ್ಟಿ ತಟ್ಟುವಾಗ ಅದಕ್ಕೂ ಒಂದುಂಡೆ ಹಿಟ್ಟು ಕೊಡಿ. ಎರಡು ಕುರ್ಚಿಗಳ ಮೇಲೆ ಹಳೆಯ ದುಪ್ಪಟ್ಟಾ ಹೊದಿಸಿದರೆ ಗುಡಾರ. ಫ್ರಿಡ್ಜ್ ಬಂದ ರಟ್ಟಿನ ಪೆಟ್ಟಿಗೆಯೇ ಬಸ್ಸು. ಗೋಡೆಯ ಒಂದು ಭಾಗಕ್ಕೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣ ಕೊಟ್ಟರೆ ಉಳಿದ ಗೋಡೆ ಉಳಿಯುತ್ತದೆ. ಪುಸ್ತಕಗಳು ಅವರ ಕೈಗೆಟಕುವಲ್ಲಿರಲಿ.

ದೊಡ್ಡ ಮಕ್ಕಳಿಗೆ ಅಟ್ಟದಲ್ಲಿರುವ ಚೆನ್ನೆಮಣೆ ಇಳಿಸಿ ಕೊಡಿ. ಹುಣಸೆ ಬೀಜ ಸಾಕು. ಗುಲಗಂಜಿ ಮಾತ್ರ ಬೇಡ. ಜಗಿದರೆ ಅದು ಕಡುವಿಷ. ಆಟ ಮುಗಿದ ಮೇಲೆ ಬೀಜಗಳನ್ನು ಎಣಿಸಿ ತೆಗೆದಿಡುವುದನ್ನೂ ಕಲಿಸಿ, ಮನೆಯಲ್ಲಿ ತೆವಳುವ ಕೂಸು ಇದ್ದೀತು.

ಅಜ್ಜಿಯ ಕೋಣೆಯಲ್ಲಿ, ನಮಾಝ್‌ನ ಚಾಪೆಯ ಬಳಿ ಮಕ್ಕಳು ಆಡಿದರೆ ಗದರಬೇಡಿ. ಸುಜೂದ್‌ನಲ್ಲಿದ್ದಾಗ ಮೊಮ್ಮಗು ಬೆನ್ನೇರಿದ್ದಕ್ಕೆ ಪ್ರವಾದಿ(ಸ)ಯವರು ಸುಜೂದನ್ನೇ ದೀರ್ಘಗೊಳಿಸಿದರು. ಅವರು ಮಗುವನ್ನು ಅವಸರದಿಂದ ಇಳಿಸಲಿಲ್ಲ.

ಸಹೋದರಿಯರೇ, ಇದು ಉಮ್ಮನೊಬ್ಬಳ ಕೆಲಸವಲ್ಲ. ಬಾವಿಗೆ ಬಲೆ ಹಾಕಿಸುವುದು, ಕಪಾಟು ಬಿಗಿಯುವುದು, ಶಾಕ್ ತಗಲಿದಾಗ ತಾನೇ ವಿದ್ಯುತ್ ಕಡಿಯುವ ಇಎಲ್‌ಸಿಬಿ ಹಾಕಿಸುವುದು ಮಕ್ಕಳ ತಂದೆಯ ಹೊಣೆಯೂ ಹೌದು. ಅನಾಹುತವಾದಾಗ ‘ನೀನೆಲ್ಲಿದ್ದೆ?’ ಎಂದು ತಾಯಿಯನ್ನು ಕೇಳುವ ಬದಲು ಇಂದೇ ಅವರನ್ನೂ ನಿಮ್ಮ ಪಕ್ಕ ನೆಲದ ಮೇಲೆ ಕೂರಿಸಿ. ಇಬ್ಬರೂ ಒಂದು ಸುತ್ತು ತೆವಳಿ ನೋಡಿ. ಮಗು ನಗುತ್ತಾ ನಿಮ್ಮ ಬೆನ್ನೇರೀತು. ನಾಳೆಯಿಂದ ನಿಮ್ಮ ಮನೆಯಲ್ಲಿ ‘ಬೇಡ’ ಎಂಬ ಮಾತು ಸ್ವಲ್ಪ ಕಡಿಮೆಯಾದೀತು, ಇನ್‌ಶಾ ಅಲ್ಲಾಹ್.