ಇಳಿಸಲು ಕಷ್ಟದ ನಿಲ್ದಾಣ ಯಾವುದು?

ಪ್ರಶ್ನೆ: ವಿಮಾನ ಇಳಿಸಲು ಪೈಲಟ್‌ಗಳಿಗೆ ಕಷ್ಟವೆನಿಸುವ ನಿಲ್ದಾಣ ಕರ್ನಾಟಕದಲ್ಲಿ ಇದೆಯೇ? – ಓದುಗರೊಬ್ಬರು, ನೆಲಮಂಗಲ

ಉತ್ತರ: ಇದೆ, ಮಂಗಳೂರಿನ ಬಜ್ಪೆ. ನೆಲಮಂಗಲದವರಿಗೆ ಹತ್ತಿರದ ದೇವನಹಳ್ಳಿಯಲ್ಲಿ ತಲಾ 4,000 ಮೀಟರ್ ಉದ್ದದ ಎರಡು ರನ್‌ವೇಗಳಿವೆ. ಬಜ್ಪೆಯಲ್ಲಿ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿರುವ ರನ್‌ವೇ 2,450 ಮೀಟರ್; ತುದಿಯಾಚೆ ಕಣಿವೆ. ಬೋಯಿಂಗ್ 737ಕ್ಕೆ ಆ ಉದ್ದ ಸಾಕು. ತಪ್ಪು ಮಾಡಲು ಮಾತ್ರ ಜಾಗವಿಲ್ಲ.

2010ರ ಮೇ 22ರಂದು ಆದದ್ದು ಅದೇ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿದೆ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಚಕ್ರ ನೆಲ ಮುಟ್ಟುವ ಹೊತ್ತಿಗೆ 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಹಿಂದೆ ಸರಿದಿತ್ತು. 158 ಮಂದಿ ಸತ್ತರು, 8 ಮಂದಿ ಉಳಿದರು.

ಹಾಗೆಂದು ಮಂಗಳೂರಿನ ಟಿಕೆಟ್ ರದ್ದು ಮಾಡಬೇಕಿಲ್ಲ. ಅಲ್ಲಿ ದಿನವೂ ವಿಮಾನಗಳು ಸುಸೂತ್ರವಾಗಿ ಇಳಿಯುತ್ತಿವೆ.

2020ರಲ್ಲಿ ಮಳೆಯ ನಡುವೆ ವಿಮಾನ ಜಾರಿಬಿದ್ದ ಕೇರಳದ ಕೋಯಿಕ್ಕೋಡ್‌ನದೂ ಇಂಥದೇ ಗುಡ್ಡ. ಭೂತಾನಿನ ಪಾರೋ ಇನ್ನೂ ಬಿಗಿ: ಬೆಟ್ಟಗಳ ಸಂದಿಯಲ್ಲಿ ತಿರುಗುತ್ತ, ಹಗಲು ಬೆಳಕಿನಲ್ಲಿ ಕಣ್ಣಳತೆಯಲ್ಲೇ ಇಳಿಸಬೇಕು. ಅದಕ್ಕೆಂದೇ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಅಲ್ಲಿ ಅನುಮತಿ.